ಹಸಿರು ದೀಪದ ಮರಕುಟಿಗ

“ಟಕ-ಟಕ-ಟಕ-ಟಕ... ಟಕ್!”

ಅಕ್ಕನ ಕೈಯಲ್ಲಿದ್ದ ಕಾಫಿ ಲೋಟ ಮೇಜಿಗೂ ತುಟಿಗೂ ನಡುವೆ ನಿಂತುಬಿಟ್ಟಿತು.

ಸದ್ದು ಬಂದದ್ದು ಯಾವ ಯಂತ್ರದಿಂದಲೂ ಅಲ್ಲ, ಎಲ್ಲರೂ ಫ್ಲೈಓವರ್ ಎಂದು ಕರೆಯುವವನ ಬಾಯಿಂದ. ಊರಿನ ಟ್ರಾಫಿಕ್ ಬ್ಲಾಗರುಗಳ ವಾರಾಂತ್ಯದ ಕೂಟದಲ್ಲಿ ಎದ್ದು ನಿಂತು, ಕತ್ತು ಕೊಂಕಿಸಿ, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ ಅವನು ತನ್ನ ‘ಬಂದ ದಾರಿ’ ಹೇಳುತ್ತಿದ್ದ. ಕೂಟದ ಕಟ್ಟಳೆಯೇ ಅದು. ಸ್ವಂತ ಗಾಡಿಯಲ್ಲಿ ಯಾರೂ ಬರುವಂತಿಲ್ಲ. ಬಂದವರು ಮೊದಲು ಮನೆಯಿಂದ ಇಲ್ಲಿಯ ತನಕ ಹೇಗೆ ಬಂದೆವೆಂದು ಬಣ್ಣಿಸಬೇಕು. ಉಳಿದವರು ಬಾಯಲ್ಲೇ ಕಾಮೆಂಟು ಹಾಕಬೇಕು.

ಫ್ಲೈಓವರ್ ಕಟ್ಟಡದ ಎಂಜಿನಿಯರು. ಊರಿನ ಯಾವ ಜಂಜಾಟಕ್ಕೂ ಅವನ ಬಳಿ ಇರುವುದು ಒಂದೇ ಮದ್ದು, ಮೇಲೊಂದು ಸೇತುವೆ. ಮಾತೂ ಹಾಗೆಯೇ, ಕೇಳುವವರ ತಲೆಯ ಮೇಲಿಂದಲೇ ಹಾದುಹೋಗುತ್ತಿತ್ತು, ಕೆಳಗಿಳಿಯುವ ದಾರಿ ಎಲ್ಲೂ ಕಾಣುತ್ತಿರಲಿಲ್ಲ. ಆದರೆ ಮಿಮಿಕ್ರಿಗೆ ನಿಂತನೆಂದರೆ ಪಕ್ಕದ ಸಭಾಂಗಣದವರೂ ಬಾಗಿಲಲ್ಲಿ ಇಣುಕಬೇಕು. ಈಗಷ್ಟೇ ಬಸ್ಸಿನ ಬ್ರೇಕು, ಕಂಡಕ್ಟರನ ಮೂಗುದನಿ, ಕಿಟಕಿ ಪಕ್ಕದವನ ಗೊರಕೆ ಎಲ್ಲವನ್ನೂ ಮುಗಿಸಿ ಸರ್ಕಲ್ಲಿಗೆ ಬಂದು ಮುಟ್ಟಿದ್ದ.

“ಇಳಿದೆ. ಸರ್ಕಲ್ ದಾಟ್ಬೇಕು. ಸಿಗ್ನಲ್ಲಲ್ಲಿ ಹಸಿರು ಮನುಷ್ಯ ಎದ್ದು ನಿಂತ. ಟಕ-ಟಕ-ಟಕ-ಟಕ... ಟಕ್! ನಾನೂ ಎದ್ನೋ ಬಿದ್ನೋ ಅಂತ ಓಡಿದೆ!”

ಕೂಟ ಗೊಳ್ಳೆಂದಿತು.

“ಮೊದಲ ಕಾಮೆಂಟು ನಂದು!” ಹಲ್ಲಿನ ಡಾಕ್ಟರು ಕೈಯೆತ್ತಿದರು. ಬಸ್ಸಿನ ಬಗ್ಗೆ ಮಾತ್ರ ಬರೆಯುವ, ಬಸ್ಸಿನಲ್ಲೇ ಹುಟ್ಟಿದವರ ಹಾಗೆ ಮಾತಾಡುವ ಹೆಂಗಸು. “ಅದೇನ್ರೀ ಅದು, ಕೊನೇಲಿ ಬಿಕ್ಕಳಿಕೆ? ನನ್ನ ಡ್ರಿಲ್ಲು ಕೆಟ್ಟಾಗ ಹಿಂಗೇ ಆಡುತ್ತೆ!”

ಮತ್ತೆ ನಗು. ಅಕ್ಕ ನಗಲಿಲ್ಲ. ಇವರಿಗೆ ಆ ಸದ್ದು ಗೊತ್ತಿಲ್ಲ, ಎಂದುಕೊಂಡಳು. ಯಾರಿಗೂ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೇ ಇಲ್ಲ.

ಶುಕ್ರವಾರ ಸಂಜೆ, ಇದೇ ಕಿಟಕಿಯ ಕೆಳಗಿನ ಸರ್ಕಲ್ಲಿನಲ್ಲಿ, ಒಂದು ಕಾರು ಅವಳ ತಮ್ಮನನ್ನು ಬಡಿದು, ಸಿಗ್ನಲ್ ಕಂಬವನ್ನೂ ಬಗ್ಗಿಸಿ, ನಿಲ್ಲದೆ ಹೊರಟುಹೋಗಿತ್ತು.

ತಮ್ಮನನ್ನು ಬ್ಲಾಗಿನ ಲೋಕ ಕರೆಯುವುದು ಹಂಪಣ್ಣ ಎಂದು. ಶಾಲೆಗಳ ಮುಂದೆ ರಸ್ತೆಗೆ ಹಂಪು ಹಾಕಿಸಿ ಹಾಕಿಸಿ ಗಳಿಸಿದ ಬಿರುದು. ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಕಂಬದ ಹಾಗೆ ನಿಲ್ಲುವ ಆಸಾಮಿ. ಅಂಥವನ ಬಗ್ಗೆ ಇನ್ಸ್‌ಪೆಕ್ಟರು ಹಲ್ಲುಕಡ್ಡಿ ಅಗಿಯುತ್ತ ಹೇಳಿದ್ದು ಅಕ್ಕನ ಕಿವಿಯಲ್ಲಿ ಅದೇ ರಾಗದಲ್ಲಿ ಕೂತಿತ್ತು. “ಫೋನಲ್ಲಿ ಮಾತಾಡ್ಕೊಂಡು ಕೆಂಪಲ್ಲೇ ನುಗ್ಗಿದಾರೆ ಕಣಮ್ಮಾ. ತಪ್ಪು ಅವರದ್ದೇ. ನಾಳೆ ಫೈಲು ಮುಚ್ತೀವಿ.”

ಪೇಪರಿನವರಿಗೆ ನಾಳೆಯ ತನಕವೂ ಪುರುಸೊತ್ತಿರಲಿಲ್ಲ. ‘ಸಿಗ್ನಲ್ ಪಾಠ ಹೇಳುವವನೇ ಸಿಗ್ನಲ್ ಮುರಿದ!’ ಎಂದು ಬರೆದು, ಪಕ್ಕದಲ್ಲಿ ಅವನ ಹಲ್ಲುಕಿರಿದ ಹಳೆಯ ಫೋಟೋ ಹಾಕಿದ್ದರು. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದವನಿಗೆ ಅದನ್ನು ಓದುವ ಯೋಗ ಇನ್ನೂ ಬಂದಿರಲಿಲ್ಲ, ಅಷ್ಟೇ.

ಅಕ್ಕನ ಹತ್ತಿರ ಇದ್ದದ್ದು ಒಂದೇ ಸಾಕ್ಷಿ. ಹಂಪಣ್ಣ ಬ್ಲಾಗನ್ನು ಮೊದಲು ಬಾಯಲ್ಲಿ ಬರೆಯುತ್ತಿದ್ದ. ನಡೆಯುತ್ತ ನಡೆಯುತ್ತ ಫೋನಿಗೆ ಮಾತಾಡುವುದು, ಮನೆಗೆ ಬಂದು ಟೈಪು ಮಾಡುವುದು. ಶುಕ್ರವಾರದ ಮಾತೂ ಫೋನಿನಲ್ಲಿ ಉಳಿದಿತ್ತು.

“ಕೇಳಿಸ್ತಾ? ಬಂತು, ಬಂತು! ಕಣ್ಣು ಕಾಣದವರಿಗೂ ಈಗ ಹಸಿರು ಗೊತ್ತಾಗುತ್ತೆ. ಅಯ್ಯಯ್ಯೋ, ನಾನು ಕೋಗಿಲೆ ಕೇಳಿದ್ರೆ ಈ ಪುಣ್ಯಾತ್ಮ ಮರಕುಟಿಗ ತಂದು ಕೂರಿಸಿದಾನೆ! ಅದಕ್ಕೂ ಬಿಕ್ಕಳಿಕೆ! ಇರ್ಲಿ, ನಾಡಿದ್ದು ಕೂಟದವರಿಗೆ ತೋರಿಸಿ ಹೊಟ್ಟೆ ಉರಿಸ್ತೀನಿ. ಹಸಿರು ಇದೆ, ದಾಟ್ತಾ ಇದೀನಿ...”

ಅವನ ಮಾತಿನ ಹಿಂದೆ ಟಕ-ಟಕ-ಟಕ-ಟಕ, ಸಡಿಲ ತಂತಿಯಿಂದಾಗಿ ಒಂದು ತಡವರಿಕೆ, ಆಮೇಲೆ ಟಕ್. ಆಮೇಲೆ ಕಾರು. ಬ್ರೇಕಿನ ಸದ್ದು ಇರಲೇ ಇಲ್ಲ.

ಸಿಗ್ನಲ್ ಕಂಬಕ್ಕೆ ಸಿಕ್ಕಿಸಿದ, ಹಸಿರು ಉರಿದಾಗ ಮಾತ್ರ ಕೂಗುವ ಪೆಟ್ಟಿಗೆ ಅದು. ಅದು ಕೂಗಿತ್ತೆಂದರೆ ತಮ್ಮ ದಾಟಿದ್ದು ಹಸಿರಿನಲ್ಲಿ. ಆದರೆ ಇನ್ಸ್‌ಪೆಕ್ಟರು, “ಆ ಕಂಬಕ್ಕೆ ದೀಪ ಬಿಟ್ರೆ ಸದ್ದೇ ಇಲ್ಲಮ್ಮಾ, ದಾಖಲೆ ನೋಡಿದೀನಿ” ಎಂದರು. ತಮ್ಮನ ಸ್ನೇಹಕ್ಕೆ ಕಟ್ಟುಬಿದ್ದು, ಮೇಲಿನವರಿಗೆ ತಿಳಿಸದೆ, ಆ ಸಂಜೆಯಷ್ಟೇ ಪೆಟ್ಟಿಗೆ ಸಿಕ್ಕಿಸಿದ ಸಿಗ್ನಲ್ ರಿಪೇರಿಯವನು, “ನಾನಾ? ಪೆಟ್ಟಿಗೆನಾ?” ಎಂದು ಆಕಾಶ ನೋಡಿದ. ಪೆಟ್ಟಿಗೆ ಕಾರಿನ ಗಾಲಿಗೆ ಸಿಕ್ಕಿ ಪುಡಿಯಾಗಿತ್ತು.

ಹಾಗಾದರೆ ಬೇಕಾದದ್ದು ಆ ಸದ್ದು ಕೇಳಿದ ಇನ್ನೊಂದು ಜೊತೆ ಕಿವಿ. ಕೂಟದ ಮುಖ್ಯಸ್ಥರಾದ ಮೂವರನ್ನೂ ಅಕ್ಕ ನಿನ್ನೆಯೇ ಕೇಳಿದ್ದಳು. ಡಾಕ್ಟರು ಯಾರದೋ ದವಡೆಯೊಳಗಿದ್ದರಂತೆ. ಫ್ಲೈಓವರ್ ಊರಾಚೆ ಕಟ್ಟಡದ ಮೇಲಿದ್ದನಂತೆ. ಎಲ್ಲರಿಗೂ ಹಿರಿಯರಾದ ಮೇಷ್ಟ್ರು ಮನೆಯಲ್ಲೇ ಇದ್ದರಂತೆ. ಸರ್ಕಲ್ಲಿನ ಹತ್ತಿರ ಯಾರೂ ಸುಳಿದಿರಲಿಲ್ಲ.

ಇವತ್ತು ಫ್ಲೈಓವರನ ಬಾಯಲ್ಲಿ ಮರಕುಟಿಗ ಕೂಗಿತು. ಬಿಕ್ಕಳಿಕೆಯ ಸಮೇತ.

ಅಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ಬಗ್ಗಿದ ಕಂಬಕ್ಕೆ ಪೊಲೀಸರ ಪಟ್ಟಿ ಸುತ್ತಿತ್ತು. ದೀಪವೂ ಇಲ್ಲ, ಸದ್ದೂ ಇಲ್ಲ. ಇಂದು ‘ಗಾಡಿಯಿಲ್ಲದ ಭಾನುವಾರ’. ಸರ್ಕಲ್ಲಿನ ಸುತ್ತ ಅಡ್ಡಗಟ್ಟೆ ಹಾಕಿ ಎಲ್ಲ ವಾಹನ ನಿಲ್ಲಿಸಿದ್ದರು. ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ವರ್ಷಗಟ್ಟಲೆ ಅರ್ಜಿ ಗುಜರಾಯಿಸಿ ಇದನ್ನು ದಕ್ಕಿಸಿಕೊಂಡವನು ಹಂಪಣ್ಣ. ಮೇಜಿನ ಮೇಲೆ ಬ್ರೆಡ್ಡಿನ ಪಕ್ಕ ಜಾಮಿತ್ತು, ರಸ್ತೆಯಲ್ಲಿ ಇರಲಿಲ್ಲ. ಅದನ್ನು ನೋಡಬೇಕಾದವನೂ ಇರಲಿಲ್ಲ.

“ಮೇಷ್ಟ್ರಿಲ್ದೆ ಕೂಟ ಸಪ್ಪೆ ಕಣ್ರೀ,” ಯಾರೋ ಅಂದರು.

“ಹೌದು ಮತ್ತೆ. ಸೀಟೂ ಖಾಲಿ, ಸೀಟಿಯೂ ಇಲ್ಲ!” ಡಾಕ್ಟರು ಅಂದರು. ಮೇಷ್ಟ್ರಿಗೆ ಹೊಸ ಹಲ್ಲಿನ ಸೆಟ್ಟು ಕಟ್ಟಿದವರು ಅವರೇ. ಅದು ಇನ್ನೂ ಕೂತಿರಲಿಲ್ಲ. ಮೇಷ್ಟ್ರು ಮಾತು ಮುಗಿಸಿದಾಗಲೆಲ್ಲ ಹಲ್ಲಿನ ಸಂದಿನಿಂದ ಸಣ್ಣ ಗಾಳಿ ಸೀಟಿ ಹೊಡೆಯುತ್ತಿತ್ತು. ಅಕ್ಕನ ಕಡೆ ತಿರುಗಿ ಡಾಕ್ಟರು ದನಿ ತಗ್ಗಿಸಿದರು. “ತಪ್ಪು ತಿಳೀಬೇಡಿ ಅಕ್ಕಾ. ನಗದೇ ಇದ್ರೆ ಅಳು ಬರುತ್ತೆ. ಹಂಪಣ್ಣನ ಬಗ್ಗೆ ನಾನೊಂದು ಬರೆದಿಟ್ಟಿದೀನಿ. ಓದಿದ್ರೆ ನಿಮಗೂ ಕಣ್ಣೀರು ಬರುತ್ತೆ.”

“ಅವನು ಬದುಕಿದಾನೆ, ಡಾಕ್ಟ್ರೇ.”

“ಅಯ್ಯೋ, ಗೊತ್ತು! ಡ್ರಾಫ್ಟಲ್ಲಿ ಇಟ್ಟಿದೀನಿ, ಅಷ್ಟೇ.”

ಸುತ್ತಲಿನ ಮುಖಗಳು ಲೋಟದೊಳಗೆ ಇಳಿದವು. ಯಾರ ಡ್ರಾಫ್ಟಿನಲ್ಲಿ ಎಂಥೆಂಥ ಕಣ್ಣೀರು ತಯಾರಿದೆಯೆಂದು ಅಕ್ಕನಿಗೆ ಅರ್ಥವಾಯಿತು. ಮೊದಲು ಪ್ರಕಟಿಸಿದವನದೇ ಮೊದಲ ದುಃಖ.

ಅವಳು ಎದ್ದು ಫ್ಲೈಓವರನ ಭುಜ ತಟ್ಟಿದಳು. “ಬಾ, ಸ್ವಲ್ಪ ಹಾಲು ಬಿಸಿ ಮಾಡ್ಬೇಕು.”

*

ಪಕ್ಕದ ಕೋಣೆಯಲ್ಲಿ ಒಂದು ಒಲೆ, ಒಂದು ಸಿಂಕು, ಗೋಡೆಗೊರಗಿದ ಮುರುಕು ಕುರ್ಚಿಗಳು. ಅಕ್ಕ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಹಾಲೆಲ್ಲಿ ಅಕ್ಕಾ?”

“ಹಾಲಿಲ್ಲ. ಆ ಸದ್ದು ಎಲ್ಲಿ ಕೇಳಿದೆ?”

“ಯಾವ ಸದ್ದು?”

“ಸರ್ಕಲ್ ದಾಟುವಾಗ ಮಾಡಿದ್ಯಲ್ಲ.”

“ಓ, ಅದಾ! ಸಿಗ್ನಲ್ಲಿಂದು. ಚೆನ್ನಾಗಿ ಬಂತಾ?” ಹೊಗಳಿಕೆಗೆ ಕಾದವನ ಮುಖ ಅವನದು.

“ಕೆಳಗೆ ನೋಡು. ಕಂಬ ಬಗ್ಗಿಹೋಗಿದೆ. ಇವತ್ತು ಹೇಗೆ ಕೇಳಿಸ್ತು?”

ಅವನು ಕಿಟಕಿಯತ್ತ ನೋಡಿದ. ಮುಖ ನಿಧಾನವಾಗಿ ಇಳಿಯಿತು. “ಅದು... ಮಸಾಲೆ ಅಕ್ಕಾ. ಕಥೆಗೆ ಬೇಕಲ್ಲ. ಬಸ್ಸಲ್ಲಿ ಗೊರಕೆ ಹೊಡೆಯೋನೂ ಇರ್ಲಿಲ್ಲ.”

“ಬಸ್ಸಿತ್ತಾ?”

ಅಕ್ಕನ ಕಣ್ಣು ಅವನ ಬೂಟಿನ ಮೇಲೆ ಬಿತ್ತು. ಎಡಗಾಲಿನದು ಹೊಳೆಯುತ್ತಿತ್ತು. ಬಲಗಾಲಿನ ಹಿಮ್ಮಡಿಯ ಹಿಂಬದಿ ಮಾತ್ರ ಉಜ್ಜಿ ಉಜ್ಜಿ ಬಿಳಿಚಿಕೊಂಡಿತ್ತು.

“ಕಾರಲ್ಲಿ ಬಂದೆ ಅಲ್ವಾ?”

“ಅಕ್ಕಾ...”

“ಆಕ್ಸಿಲರೇಟರ್ ಒತ್ತೋ ಕಾಲು. ಹಿಮ್ಮಡಿ ನೆಲಕ್ಕೂರಿ ದಿನಾ ಉಜ್ಜಿದ್ರೆ ಬೂಟು ಹೀಗಾಗುತ್ತೆ.”

ಫ್ಲೈಓವರ್ ಕುರ್ಚಿಯ ಮೇಲೆ ಕುಸಿದ. ಕುರ್ಚಿ ಕಿರುಗುಟ್ಟಿತು, ಅಷ್ಟರಲ್ಲೂ ಅವನ ತುಟಿ ಆ ಕಿರುಗುಟ್ಟನ್ನು ಹಿಡಿಯಲು ಸಣ್ಣಗೆ ಅಲುಗಿದ್ದನ್ನು ಅಕ್ಕ ಕಂಡಳು. ಚಟ ಅದು.

“ಎರಡು ಬೀದಿ ಆಚೆ ನಿಲ್ಸಿದೀನಿ,” ಅವನೆಂದ. “ನಾನೊಬ್ಬನೇ ಅಲ್ಲ. ಡಾಕ್ಟರ ಕಾರು ನನ್ನ ಕಾರಿನ ಹಿಂದೇ ಇದೆ. ಈ ಕೂಟದಲ್ಲಿ ಬಂದ ದಾರಿ ನಿಜ ಹೇಳೋರು ಯಾರೂ ಇಲ್ಲ ಅಕ್ಕಾ. ಬಿಸಿಲಲ್ಲಿ ನಡೆದು ಬಂದೆ ಅಂತ ನೀರು ಚಿಮುಕಿಸ್ಕೊಂಡು ಒಳಗೆ ಬರೋರಿದಾರೆ. ನಿಮ್ಮ ತಮ್ಮ ಒಬ್ಬ ನಿಜವಾಗ್ಲೂ ನಡೀತಿದ್ದ. ಅದಕ್ಕೇ ಅವನೊಬ್ಬನೇ ಬಿದ್ದ.”

ಕೆನ್ನೆಗೆ ಬಾರಿಸಬೇಕೆನ್ನಿಸಿತು ಅಕ್ಕನಿಗೆ. ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದೇ ಕೈ ಹಿಡಿದದ್ದು.

“ಶುಕ್ರವಾರ ನಿನ್ನ ಕಾರು ಎಲ್ಲಿತ್ತು?”

“ಕಟ್ಟಡದ ಹತ್ರ! ಕೂಲಿಯವರನ್ನ ಕೇಳಿ, ಮೇಸ್ತ್ರಿನ ಕೇಳಿ. ಬೇಕಾದ್ರೆ ಬಂದು ಕಾರು ನೋಡಿ, ಒಂದು ಗೀರಿದ್ರೆ ನನ್ನ ಕಿವಿ ಕೊಯ್ದುಬಿಡಿ. ಹಂಪಣ್ಣನ ಜೊತೆ ಜಗಳ ಆಡಿದೀನಿ, ಹೌದು. ನನ್ನ ಸೇತುವೆಗೆ ‘ನೆತ್ತಿಮೇಲಿನ ಜಾಮು’ ಅಂತ ಹೆಸರಿಟ್ಟ, ಅದೂ ಹೌದು. ಅದಕ್ಕೆ ಗಾಡಿ ಹತ್ತಿಸ್ತೀನಾ ಅಕ್ಕಾ?”

“ಮತ್ತೆ ಆ ಸದ್ದು?”

“ಎಲ್ಲರಿಗೂ ಗೊತ್ತಿರೋ ಸದ್ದಲ್ವಾ?”

“ಒಂದೇ ಸಂಜೆ ಕೂಗಿದ್ದು ಅದು. ಕಂಬದ ಬುಡದಲ್ಲಿದ್ದವರು ಬಿಟ್ಟು ಯಾರೂ ಕೇಳಿಲ್ಲ. ನನ್ನ ತಮ್ಮನಿಗೇ ಅದು ಮರಕುಟಿಗ ಅಂತ ಮೊದಲು ಗೊತ್ತಿರ್ಲಿಲ್ಲ. ಕೋಗಿಲೆ ಅಂದ್ಕೊಂಡಿದ್ದ.”

ಅವನು ಕುರ್ಚಿಯ ಅಂಚಿಗೆ ಸರಿದು ಕೂತ.

“ಇನ್ನೊಂದ್ಸಲ ಮಾಡು,” ಅಂದಳು ಅಕ್ಕ.

“ಈಗ?”

“ಈಗ. ಅಲ್ಲಿ ಮಾಡಿದ ಹಾಗೇ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ಕಸುಬು ಸಿನಿಮಾಗಳಿಗೆ ದನಿ ಕೊಡುವುದು. ತೆರೆಯ ಮೇಲೆ ಯಾರೋ ಅತ್ತರೆ ಕತ್ತಲ ಕೋಣೆಯಲ್ಲಿ ಬಿಕ್ಕುವ ಗಂಟಲು ಇವಳದು. ಪರರ ತುಟಿಗೆ ತನ್ನ ಉಸಿರನ್ನು ಹೊಂದಿಸಿ ಹೊಂದಿಸಿ, ಮಾತಿಗಿಂತ ಮಾತಿನ ನಡುವಿನ ಉಸಿರು ಕೇಳುವುದು ಅಭ್ಯಾಸವಾಗಿತ್ತು.

“ಟಕ-ಟಕ-ಟಕ-ಟಕ... ಟಕ್.”

ಮತ್ತು ಕೊನೆಯ ‘ಟಕ್’ ಆದಮೇಲೆ, ಕೂದಲೆಳೆಯಷ್ಟು ಸಣ್ಣಗೆ, “ಸ್ಸ್.”

ಅವಳು ಕಣ್ಣು ತೆರೆದಳು. ತಮ್ಮನ ಫೋನಿನ ಮರಕುಟಿಗಕ್ಕೆ ಆ ಬಾಲ ಇರಲಿಲ್ಲ.

“ಕೊನೇಲಿ ಸೀಟಿ ಹೊಡೆದ್ಯಲ್ಲ, ಅದು ಯಾರದು?”

“ಸೀಟಿನಾ? ನಾನಾ? ಇಲ್ಲಪ್ಪಾ.”

“ಹೊಡೆದೆ. ನೀನು ಸಿಗ್ನಲ್ಲಿನ ಮಿಮಿಕ್ರಿ ಮಾಡ್ತಿಲ್ಲ. ಸಿಗ್ನಲ್ಲಿನ ಮಿಮಿಕ್ರಿ ಮಾಡಿದವರ ಮಿಮಿಕ್ರಿ ಮಾಡ್ತಿದೀಯ. ಯಾರ ಬಾಯಲ್ಲಿ ಕೇಳಿದೆ?”

ಫ್ಲೈಓವರ್ ತನ್ನ ತುಟಿ ಮುಟ್ಟಿ ನೋಡಿಕೊಂಡ, ಅಲ್ಲಿ ಬೇರೆ ಯಾರದೋ ಬಾಯಿ ಅಂಟಿಕೊಂಡಿದೆಯೇನೋ ಎನ್ನುವ ಹಾಗೆ.

“ನಿನ್ನೆ... ಮೇಷ್ಟ್ರು ಫೋನ್ ಮಾಡಿದ್ರು. ಕೂಟದ ಊಟತಿಂಡಿ ವಿಚಾರ. ಮಧ್ಯದಲ್ಲಿ, ‘ಮೂರುಹೊತ್ತೂ ತಲೇಲಿ ಒಂದು ಹಾಳು ಸದ್ದು ಕೂತಿದೆ ಕಣೋ, ಕಣ್ಣು ಮುಚ್ಚೋಕೆ ಬಿಡಲ್ಲ’ ಅಂದ್ರು. ಎಂಥ ಸದ್ದು ಮೇಷ್ಟ್ರೇ ಅಂದೆ. ಮಾಡಿ ತೋರಿಸಿದ್ರು. ಸರ್ಕಲ್ಲಿಂದು ಅಂದ್ರು. ನಾನು ಅದನ್ನ ಹಾಗೇ...” ಅವನು ನಿಲ್ಲಿಸಿದ. “ಥೂ, ಇಲ್ಲ ಅಕ್ಕಾ. ಮೇಷ್ಟ್ರು ಅಲ್ಲ. ಅವರ ಹತ್ರ ಕಾರೇ ಇಲ್ಲ.”

ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ‘ಕಾರು ಮಾರಿದ ಮೇಷ್ಟ್ರು’ ಎಂದೇ ಅವರ ಬ್ಲಾಗಿನ ಹೆಸರು. ಗಣಿತ ಕಲಿಸಿ ನಿವೃತ್ತರಾದ ಮೇಲೆ ಕಾರು ಮಾರಿ, ಮಾರಿದ ಕಥೆ ಬರೆದು, ಆ ಒಂದು ಕಥೆಯ ಮೇಲೆ ಊರಿನ ಅರ್ಧ ವೇದಿಕೆ ಹತ್ತಿದವರು. ಅವರನ್ನು ಓದಿ ಹಂಪಣ್ಣ ತನ್ನ ಸ್ಕೂಟರು ಮಾರಿದ್ದ. ಅವರ ಪಾದ ಮುಟ್ಟಿ ಬ್ಲಾಗು ಶುರುಮಾಡಿದ್ದ.

ಅಕ್ಕನಿಗೆ ಬೆಳಗಿನ ಆಸ್ಪತ್ರೆ ನೆನಪಾಯಿತು. ತಮ್ಮನ ಕೋಣೆಯ ಹೊರಗೆ ಎಲ್ಲರೂ ಪಾದರಕ್ಷೆ ಬಿಡಬೇಕು. ಅಲ್ಲೊಂದು ಜೊತೆ ಕಂದು ಬೂಟಿತ್ತು, ಮೇಷ್ಟ್ರದು. ಕಾಲಿಗೆ ತಗುಲಿದ್ದಕ್ಕೆ ಬಗ್ಗಿ ಸರಿಸಿಟ್ಟಿದ್ದಳು. ಇಷ್ಟು ವರ್ಷ ನಡೆದವರ ಅಡಿ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಮೆಚ್ಚಿಕೊಂಡಿದ್ದಳು ಕೂಡ.

ಎಡಗಾಲಿನದು ಹೊಸದರ ಹಾಗಿತ್ತು. ಬಲಗಾಲಿನ ಹಿಮ್ಮಡಿ ಮಾತ್ರ ಬಿಳಿಚಿತ್ತು.

“ಅಕ್ಕಾ? ಏನಾಯ್ತು? ಮೇಷ್ಟ್ರು ಈಗ ಎಲ್ಲಿದಾರೆ?”

ಗೋಡೆಯ ಆಚೆಯಿಂದ ಇನ್ನೊಬ್ಬರ ‘ಬಂದ ದಾರಿ’ಗೆ ಚಪ್ಪಾಳೆ ಬಿತ್ತು. ಅಕ್ಕನಿಗೆ ತನ್ನ ದನಿಯೇ ಯಾರದೋ ತುಟಿಗೆ ಸರಿಯಾಗಿ ಕೂರದ ದನಿಯಂತೆ ಕೇಳಿಸಿತು.

“ತಮ್ಮನ ಕೋಣೆಯಲ್ಲಿ. ‘ಕೂಟಕ್ಕೆ ಹೋಗಿ ಬಾ ತಾಯಿ, ಅವನ ಹತ್ರ ನಾನಿರ್ತೀನಿ’ ಅಂದ್ರು. ನಾನೇ ಕೈಮುಗಿದು ಕೂರಿಸಿ ಬಂದೆ.”

*

“ಕಾರು ತೆಗಿ!”

“ಕಾರು ಸರ್ಕಲ್ಲಿನ ಈ ಕಡೆ ಇದೆ, ಆಸ್ಪತ್ರೆ ಆ ಕಡೆ. ಅಡ್ಡಗಟ್ಟೆ ಹಾಕಿದಾರಲ್ಲ! ಒಂದು ನೊಣ ಬಿಡ್ತಿಲ್ಲ!”

ಮೆಟ್ಟಿಲಲ್ಲಿ ಓಡುತ್ತ ಅಕ್ಕ ಒಮ್ಮೆ ನಕ್ಕಳು. ಉಪ್ಪು ತಿಂದ ಹಾಗಿತ್ತು ಆ ನಗು. ತಮ್ಮ ರಸ್ತೆ ಖಾಲಿ ಮಾಡಿಸಿದ್ದ. ಅವನ ಕಡೆಗೆ ಹೋಗಲು ಆ ರಸ್ತೆಯಲ್ಲಿ ಈಗ ಒಂದು ಗಾಲಿಯೂ ಉರುಳುವಂತಿರಲಿಲ್ಲ.

ಹಲ್ಲಿನ ಡಾಕ್ಟರೂ ಏನೂ ಅರ್ಥವಾಗದೆ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿ ಬಂದರು. “ವಾರ್ಡಿಗೆ ಫೋನ್ ಮಾಡಿ ಡಾಕ್ಟ್ರೇ! ಯಾರನ್ನಾದ್ರೂ ಕೋಣೆಗೆ ಕಳಿಸೋಕೆ ಹೇಳಿ!” ಅಕ್ಕ ಕೂಗಿದಳು.

“ರಿಂಗಾಗ್ತಿದೆ, ಯಾರೂ ಎತ್ತುತ್ತಿಲ್ಲ!”

ಬಗ್ಗಿದ ಕಂಬದ ಹತ್ತಿರ ಅಕ್ಕ ಗಕ್ಕನೆ ನಿಂತಳು. ಓಡಿದರೆ ತಡವಾಗುತ್ತದೆ. ದನಿ ಓಡಬಲ್ಲದು. ಎರಡು ಸಲ ಉಸಿರು ಎಳೆದು, ಬಿಟ್ಟು, ಮೈಕಿನ ಮುಂದೆ ನಿಲ್ಲುವ ಹಾಗೆ ಎದೆ ನೆಟ್ಟಗೆ ಮಾಡಿ, ಮೇಷ್ಟ್ರ ನಂಬರು ಒತ್ತಿದಳು. ಫ್ಲೈಓವರನಿಗೂ ಡಾಕ್ಟರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

“ಹಲೋ ಮೇಷ್ಟ್ರೇ!” ನಗುನಗುವ ದನಿ, ಜೀವನದಲ್ಲೇ ಅತ್ಯಂತ ಕಷ್ಟದ ಡಬ್ಬಿಂಗು. “ಕೂಟ ಜೋರಾಗಿ ನಡೀತಿದೆ. ನೀವಿಲ್ದೆ ಎಲ್ಲರಿಗೂ ಬೇಜಾರು. ತಮ್ಮ ಹೇಗಿದಾನೆ?”

“ಬಾ ತಾಯಿ, ಮಾತಾಡು.” ಮೇಷ್ಟ್ರ ದನಿ ಎಂದಿನ ಹಾಗೆ ಮೆತ್ತಗಿತ್ತು. ಕೊನೆಯಲ್ಲಿ ಸ್ಸ್. “ನಾನೇ ಮಾಡೋಣ ಅಂತಿದ್ದೆ. ಹುಡುಗ ಕಣ್ಣು ಬಿಟ್ಟ.”

ಅಕ್ಕ ಬಗ್ಗಿದ ಕಂಬವನ್ನು ಹಿಡಿದುಕೊಂಡಳು. ದನಿ ಅದುರಲಿಲ್ಲ. “ಹೌದಾ! ನರ್ಸಿಗೆ ಹೇಳಿದ್ರಾ?”

“ಹೇಳ್ತೀನಿ, ಹೇಳ್ತೀನಿ. ಗಾಬರಿ ಏನಿಲ್ಲ. ನನ್ನೇ ನೋಡ್ತಿದಾನೆ. ರೆಪ್ಪೆ ಹಾಕ್ದೆ ನೋಡ್ತಿದಾನೆ. ಮಾತು ಬರ್ತಿಲ್ಲ ಪಾಪ.” ಸ್ಸ್. “ಬೆರಳಲ್ಲಿ ಏನೋ ಮಾಡ್ತಿದಾನೆ, ನೋಡು. ನಿಂಗೇನಾದ್ರೂ ಅರ್ಥ ಆಗುತ್ತಾ, ಕೇಳು ತಾಯಿ.”

ಫೋನು ಎಲ್ಲಿಗೋ ಹತ್ತಿರ ಸರಿಯಿತು. ಮಂಚದ ಕಬ್ಬಿಣದ ಮೇಲೆ ಉಗುರು. ತೀರಾ ಬಡವಾದ ಸದ್ದು.

ಟಕ-ಟಕ-ಟಕ-ಟಕ...

ತಡವರಿಕೆ.

ಟಕ್.

“ಈ ಸದ್ದು ಎಲ್ಲಾದ್ರೂ ಕೇಳಿದೀಯಾ?” ಮೇಷ್ಟ್ರು ಕೇಳಿದರು.

ಅಕ್ಕ ತುಟಿ ತೇವ ಮಾಡಿಕೊಂಡಳು. ಇಲ್ಲ ಎನ್ನುವ ಒಂದು ಮಾತಿಗೆ ಹತ್ತು ಬಗೆಯ ದನಿ ಅವಳ ಗಂಟಲಲ್ಲಿ ಸಾಲುಗಟ್ಟಿ ನಿಂತವು. ಅವುಗಳಲ್ಲಿ ಮುಗ್ಧವಾದದ್ದನ್ನು ಆರಿಸಿ ಬಾಯಿ ತೆರೆಯುವಷ್ಟರಲ್ಲಿ, ಫೋನಿಗೆ ಕಿವಿ ತಗುಲಿಸಿ ನಿಂತಿದ್ದ ಫ್ಲೈಓವರ್, ಚಟ ತಡೆಯಲಾರದೆ, ಕೂಗಿಯೇಬಿಟ್ಟ.

“ಅದೇ ಸದ್ದು ಅಕ್ಕಾ! ಮೇಷ್ಟ್ರು ಮಾಡಿದ್ದು ಇದೇ!”

ಆ ಕಡೆ ಉದ್ದನೆಯ ಒಂದು ಉಸಿರು ಹಲ್ಲಿನ ಸಂದಿನಿಂದ ಸೀಟಿ ಹೊಡೆಯಿತು.

ಕುರ್ಚಿ ಹಿಂದೆ ಸರಿದ ಸದ್ದು. ನಾಲ್ಕಾರು ಹೆಜ್ಜೆ. ಬಾಗಿಲಿನ ಚಿಲಕ ಬಿದ್ದ ಸದ್ದು. ಹೆಜ್ಜೆಗಳು ಮತ್ತೆ ಮಂಚದ ಹತ್ತಿರ ಬಂದವು.

ಮತ್ತೆ ಶುರುವಾಗಿದ್ದ ಉಗುರಿನ ಬಡಿತ ನಡುವೆಯೇ, ಬಿಕ್ಕಳಿಕೆಯ ಜಾಗದಲ್ಲಿ, ನಿಂತಿತು. ಆ ಕೊನೆಯ ‘ಟಕ್’ಗಾಗಿ ಅಕ್ಕ ಫೋನು ಕಿವಿಗೊತ್ತಿಕೊಂಡು ಖಾಲಿ ರಸ್ತೆಯ ಮೇಲೆ ಓಡತೊಡಗಿದಳು.